ಮಾಳಿಗೆಯ ಮೇಲಿನ ಐದು ಅಕ್ಷರ

ಆ ಮುಳ್ಳನ್ನು ಕಂಡ ಮೊದಲ ದಿನದಿಂದಲೇ ನನಗೂ ಅದಕ್ಕೂ ಆಗಿಬರಲಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳನ್ನು ಕೊಂಡು ಒಂದು ಹೊಸ ಕಂಪನಿ ಹೈದರಾಬಾದಿನಿಂದ ಬಳ್ಳಾರಿಗೂ ಅಲ್ಲಿಂದ ಬೆಂಗಳೂರಿಗೂ ಜನರನ್ನು ಸಾಗಿಸತೊಡಗಿತ್ತು. ಅದರಲ್ಲಿ ನಾನು ಬಲಗಡೆ ಕುರ್ಚಿಯ ಪೈಲಟ್, ಅಂದರೆ ಎರಡನೆಯವನು. ಎಡಗಡೆ ಕುರ್ಚಿ ಕ್ಯಾಪ್ಟನ್‌ನದು. ಎದುರಿನ ಮೀಟರುಗಳ ಸಾಲಿನಲ್ಲಿ ಅಂಗೈಯಗಲದ ಒಂದು ಡಬ್ಬಿ, ಅದರೊಳಗೆ ಒಂದು ಮುಳ್ಳು. ಬಳ್ಳಾರಿಯ ಮೈದಾನದಲ್ಲಿ ನಿಲ್ಲಿಸಿದ್ದ ರೇಡಿಯೊ ಕಂಬ ಹಗಲೆಲ್ಲ ಸದ್ದು ಕಳಿಸುತ್ತಿತ್ತು. ಆ ಸದ್ದು ಬರುವ ದಿಕ್ಕಿಗೆ ಮುಳ್ಳು ಮುಖಮಾಡಿ ನಿಲ್ಲುತ್ತಿತ್ತು. ಅದಕ್ಕೆ ರೇಡಿಯೊ ಕಂಪಾಸ್ ಎಂದು ಹೆಸರು. ಅದರ ಹತ್ತಿರವೇ ಆಟೊ ಪೈಲಟ್. ಒಂದು ಹಿಡಿಕೆ ಹಾಕಿದರೆ ಮುಗಿಯಿತು, ವಿಮಾನ ತನ್ನನ್ನು ತಾನೇ ನಡೆಸಿಕೊಂಡು ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತಿತ್ತು. ಹತ್ತು ವರ್ಷ ಎರಡು ಕಣ್ಣು, ಎರಡು ಕೈ ನಂಬಿ ಹಾರಿದವನನ್ನು ಈಗ ಡಬ್ಬಿಯ ಕಾವಲಿಗೆ ಕೂರಿಸಿದ್ದರು. ಬಿಟ್ಟುಹೋದರೆ ಆದವಾನಿಗೆ ವಾಪಸು ಹೋಗಿ ಅಪ್ಪನ ಹತ್ತಿ ಅಂಗಡಿಯ ಗಾದಿಯ ಮೇಲೆ ಕೂರಬೇಕಿತ್ತು. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ.

ನಾನು ಹಾರಿದ್ದೇ ಬೇರೆ ರೀತಿ. ಮೂವತ್ತರ ದಶಕದ ನಡುವಿನಲ್ಲಿ ಒಂಟಿ ಇಂಜಿನ್ನಿನ ಟಪಾಲು ವಿಮಾನ ನನ್ನದು. ಅದರಲ್ಲಿ ಟಪಾಲಿನ ಚೀಲಗಳು ಮತ್ತು ನಾನು, ಇಷ್ಟೇ. ರೈಲು ಹಳಿಯೇ ದಾರಿ. ವಾಡಿಯಿಂದ ರಾಯಚೂರು, ಹೊಳೆ ದಾಟಿದರೆ ಕೋಸಗಿ, ಆಮೇಲೆ ನಮ್ಮ ಆದವಾನಿ. ಕಪ್ಪು ಎರೆ ನೆಲ ಮುಗಿದು ಕೆಂಪು ಮಸಾರಿ ಕಾಣಿಸಿದರೆ ಆಸ್ಪರಿ ಬಂತೆಂದು ಲೆಕ್ಕ. ಗುಂತಕಲ್ಲಿನಲ್ಲಿ ಬಲಕ್ಕೆ ತಿರುಗಿ, ಮತ್ತೊಂದು ಹಳಿ ಹಿಡಿದರೆ ಬಳ್ಳಾರಿ. ಮೋಡ ಇಳಿದರೆ ನಾನೂ ಇಳಿಯುತ್ತಿದ್ದೆ, ಸ್ಟೇಷನ್ನಿನಲ್ಲಿ ನಿಂತವರು ತಲೆಯ ರುಮಾಲು ಹಿಡಿದುಕೊಳ್ಳುವಷ್ಟು ಕೆಳಗೆ.

ಅಷ್ಟೆಲ್ಲ ಗೊತ್ತಿದ್ದವನು ಮೊದಲ ವರ್ಷವೇ ನನ್ನ ಊರನ್ನು ಕಳೆದುಕೊಂಡೆ. ಬೇಸಿಗೆಯ ದೂಳು ಮುಸುಕಿದ ದಿನ, ಹಳಿಯಿಂದ ಸ್ವಲ್ಪ ಸರಿದಿದ್ದೆ. ಊರಿನ ಗುರುತಾದ ಬೆಟ್ಟ ದೂಳಿನಲ್ಲಿ ಮುಳುಗಿತ್ತು. ಆದವಾನಿಯ ಮನೆಗಳೆಲ್ಲ ಮಾಳಿಗೆ ಮನೆಗಳು, ತಲೆಯ ಮೇಲೆ ಹೆಂಚಿಲ್ಲ, ತುಳಿದು ಗಟ್ಟಿ ಮಾಡಿದ ಮಣ್ಣು. ಮೇಲಿನಿಂದ ನೋಡಿದರೆ ಹೊಲ ಯಾವುದು, ಮನೆ ಯಾವುದು ತಿಳಿಯುವುದಿಲ್ಲ. ಹುಟ್ಟಿದ ಊರನ್ನು ದಾಟಿ ಹೋಗಿದ್ದೇನೆ ಎಂದು ಗೊತ್ತಾದದ್ದು ಗುಂತಕಲ್ಲಿನ ರೈಲು ಯಾರ್ಡ್ ಕಂಡಾಗ. ರಜೆಯಲ್ಲಿ ಮನೆಗೆ ಬಂದವನೇ ಇದನ್ನು ಹೇಳಿದೆ. ಅಪ್ಪ ಕೇಳಿ ನಕ್ಕ. ಅವನಿಗೆ ನನ್ನ ಕೆಲಸವೆಂದರೆ ಮೊದಲಿನಿಂದಲೂ ಆಗದು. ಅವ್ವ ನಗಲಿಲ್ಲ, ಮೇಲಿನಿಂದ ಏನು ಬರೆದರೆ ಕಾಣುತ್ತದೆ ಎಂದು ಕೇಳಿದಳು.

ರೈಲು ಸ್ಟೇಷನ್ನಿನ ಹಲಗೆಯಲ್ಲಿರುವ ಹಾಗೆ ಊರಿನ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನು ಕಾಗದದ ಮೇಲೆ ಬರೆದುಕೊಟ್ಟೆ. ಅವ್ವನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. ಅವಳು ಮಾಳಿಗೆ ಹತ್ತಿ, ಹಗ್ಗ ಹಿಡಿದು ಅಳತೆ ಮಾಡಿ, ಒಂದೊಂದು ಅಕ್ಷರ ಎರಡಾಳುದ್ದ ಬರುವಂತೆ ಸುಣ್ಣದಲ್ಲಿ ಬರೆದಳು, ಅಂಗಳಕ್ಕೆ ರಂಗೋಲಿ ಹಾಕಿದ ಹಾಗೆ. ಮೊದಲ ಸಲ ನಾಲ್ಕನೆಯ ಅಕ್ಷರ ತಿರುಗಾಮುರುಗಾ ಆಗಿತ್ತು. ನಮ್ಮಲ್ಲೊಬ್ಬ ಪೈಲಟ್ ಅದನ್ನು ನೋಡಿ ನಕ್ಕನೆಂದು ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ. ಅಂದಿನಿಂದ ಆ ಬಿಳಿ ಅಕ್ಷರ ಕಂಡಾಗಲೆಲ್ಲ ವಿಮಾನವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ರೆಕ್ಕೆ ಆಡಿಸುತ್ತಿದ್ದೆ. ಸದ್ದು ಕೇಳಿದೊಡನೆ ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಮಾಳಿಗೆ ಹತ್ತುತ್ತಿದ್ದಳಂತೆ, ಒಲೆಯ ಮೇಲೆ ರೊಟ್ಟಿ ಸೀದು ಹೋಗುತ್ತಿತ್ತಂತೆ. ರೊಟ್ಟಿಯ ದೂರನ್ನು ಅಪ್ಪ ಪ್ರತಿ ಪತ್ರದಲ್ಲೂ ಬರೆಯುತ್ತಿದ್ದ.

ನಮ್ಮ ಕಡೆ ಮುಂಗಾರಿಗೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುತ್ತಾರೆ. ಉಪ್ಪುಪ್ಪಾದ ಆ ಮಣ್ಣು ಮೊದಲ ಮಳೆಗೆ ನೆನೆದು ಬಿಗಿದುಕೊಂಡರೆ ಆಮೇಲೆ ಒಂದು ಹನಿಯೂ ಒಳಗೆ ಇಳಿಯುವುದಿಲ್ಲ. ಹಾಕದ ಮನೆ ಸೋರುತ್ತದೆ, ಹಾಕದವರನ್ನು ಓಣಿಯವರೆಲ್ಲ ಆಡಿಕೊಳ್ಳುತ್ತಾರೆ. ಹೊಸ ಮಣ್ಣು ಬಿದ್ದಾಗ ಅವ್ವನ ಅಕ್ಷರಗಳು ಹೂತುಹೋಗುತ್ತಿದ್ದವು. ಮೊದಲ ಮಳೆ ಬಂದು ಮಣ್ಣು ಬಿಗಿದ ಮಾರನೆಯ ದಿನವೇ ಅವಳು ಸುಣ್ಣದ ಗಡಿಗೆ ಹೊತ್ತು ಮತ್ತೆ ಹತ್ತುತ್ತಿದ್ದಳು. ಒಂದು ವರ್ಷವೂ ತಪ್ಪಿಸಲಿಲ್ಲ. ಯುದ್ಧದ ವರ್ಷಗಳಲ್ಲಿ ನಾನು ಅಸ್ಸಾಮಿನ ಕಡೆ ಸರಕು ಹೊತ್ತು ಹಾರುತ್ತಿದ್ದೆ, ಆದವಾನಿಯ ಮೇಲೆ ಹೋಗುವ ಮಾತೇ ಇರಲಿಲ್ಲ. ಆಗಲೂ ಬರೆದಳೆಂದು ಆಮೇಲೆ ತಿಳಿಯಿತು.

ಹೊಸ ಕಂಪನಿ ಸೇರಿ ನಕಾಶೆಯ ಮೇಲೆ ಹೈದರಾಬಾದಿನಿಂದ ಬಳ್ಳಾರಿಗೆ ಗೆರೆ ಎಳೆದಾಗ ಅದು ನೇರವಾಗಿ ಆದವಾನಿಯ ನೆತ್ತಿಯ ಮೇಲೆ ಹಾದುಹೋಯಿತು. ಅಂದು ಮಾತ್ರ ಕಂಪನಿಯ ಮೇಲೆ ಪ್ರೀತಿ ಬಂದಿತ್ತು. ಆಮೇಲೆ ಕಟ್ಟಳೆ ಹೇಳಿದರು: ಬಲಗಡೆ ಕುರ್ಚಿಯವರೆಲ್ಲ ವರ್ಷದೊಳಗೆ ಪರೀಕ್ಷೆ ಪಾಸಾಗಿ ಎಡಗಡೆ ಕುರ್ಚಿಗೆ ಬರಬೇಕು, ಇಲ್ಲವಾದರೆ ಮನೆಗೆ. ಪರೀಕ್ಷೆ ಎಂದರೆ ಹೊರಗೆ ನೋಡದೆ, ಮುಳ್ಳು ಮತ್ತು ಮೀಟರುಗಳನ್ನೇ ನಂಬಿ ಹಾರುವುದು. ಪರೀಕ್ಷೆ ಮಾಡುವ ಕ್ಯಾಪ್ಟನ್ ಸೈನ್ಯದಿಂದ ಬಂದವನು, ಕರಾಚಿ ಕಡೆಯವನು, ನನಗಿಂತ ಆರು ವರ್ಷ ಚಿಕ್ಕವನು. ಅವನ ಕೂದಲು, ಬೂಟು, ಮಾತು ಎಲ್ಲಕ್ಕೂ ಎಣ್ಣೆ ಹಚ್ಚಿದಂತಿತ್ತು. ಅಭ್ಯಾಸಕ್ಕೆಂದು ನನ್ನ ಎದುರಿನ ಗಾಜಿಗೆ ಕಪ್ಪು ಪರದೆ ಬಿಗಿದು, ಪಕ್ಕದಲ್ಲಿ ಕೈಕಟ್ಟಿ ಕೂರುತ್ತಿದ್ದ. ಗಾಣದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರಲ್ಲ, ಹಾಗೆ. ನಾನು ಪರದೆಯ ಅಂಚಿನಿಂದ ಕದ್ದು ನೋಡಿದರೆ ಗಣಿತದ ಮೇಷ್ಟ್ರ ಹಾಗೆ ಕೆಮ್ಮುತ್ತಿದ್ದ. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಡುವಷ್ಟು ಜಾಣತನ ನನಗಿರಲಿಲ್ಲ.

ಅದೇ ಬೇಸಿಗೆಯಲ್ಲಿ ಅಪ್ಪನ ಪತ್ರ ಬಂತು. ಎಂದಿನ ರಾಗವೇ: ನಿನ್ನ ಕಣ್ಣು ಇರುವ ತನಕ ನಿನ್ನ ಅನ್ನ, ಕಣ್ಣು ಮಂಜಾದ ಮೇಲೆ ನಿನ್ನನ್ನು ಯಾರು ಕೇಳುತ್ತಾರೆ, ಈಗಲೇ ಬಂದು ಅಂಗಡಿ ನೋಡಿಕೋ. ಸಿಟ್ಟು ನೆತ್ತಿಗೇರಿತು. ಅವನಿಗೆ ಬುದ್ಧಿ ಕಲಿಸಬೇಕೆಂದು ಮರುಟಪಾಲಿಗೇ ಉತ್ತರ ಬರೆದೆ. ಈಗಿನ ವಿಮಾನಗಳಿಗೆ ಕಣ್ಣೇ ಬೇಕಿಲ್ಲ, ದಾರಿ ತೋರಿಸಲು ಮುಳ್ಳಿದೆ, ನಡೆಸಲು ಯಂತ್ರವಿದೆ, ಮೋಡದ ಮೇಲೆಯೇ ಹೋಗುತ್ತೇವೆ, ಇನ್ನು ಮೇಲೆ ಕೆಳಗೆ ನೋಡುವ ಕೆಲಸವೇ ಇಲ್ಲ ಎಂದು. ಯಾವುದನ್ನು ಕಂಡರೆ ಮೈ ಉರಿಯುತ್ತಿತ್ತೋ ಅದನ್ನೇ ಎರಡು ಪುಟ ಹೊಗಳಿದೆ. ಬರೆದು ಹಾಕಿದವನು ಮರೆತೂಬಿಟ್ಟೆ.

ನನ್ನ ಪರೀಕ್ಷೆ ಬಂದದ್ದು ಮುಂಗಾರಿನಲ್ಲಿ. ಹದಿನೆಂಟು ಜನ ಪ್ರಯಾಣಿಕರು ಹಿಂದೆ. ಎಡಗಡೆ ಕುರ್ಚಿಯಲ್ಲಿ ನಾನು, ಬಲಗಡೆ ಆ ಕ್ಯಾಪ್ಟನ್. ಆಕಾಶದ ತುಂಬ ಮೋಡವಿದ್ದುದರಿಂದ ಪರದೆಯ ಅಗತ್ಯವೇ ಬೀಳಲಿಲ್ಲ, ಗಾಜಿನಾಚೆ ಬರೀ ಬೂದಿ ಬಣ್ಣ. ಒಂದು ಗಂಟೆ ಮುಳ್ಳಿನ ಹಿಂದೆಯೇ ಹೋದೆ. ಗಡಿಯಾರದ ಪ್ರಕಾರ ಆದವಾನಿ ಬರಬೇಕಾದ ಹೊತ್ತಿಗೆ ಮೋಡದಲ್ಲಿ ಒಂದು ಕಿಂಡಿ ತೆರೆಯಿತು. ಕಿಂಡಿಯಲ್ಲಿ ಎರೆ ನೆಲ, ರೈಲು ಹಳಿ, ಹಳಿಯ ಪಕ್ಕ ಮಾಳಿಗೆ ಮನೆಗಳ ಒಂದು ಓಣಿ. ಬೆಟ್ಟ ಮೋಡದೊಳಗೆ. ನಾನು ಕತ್ತು ಚಾಚಿ ಬಿಳಿ ಅಕ್ಷರ ಹುಡುಕಿದೆ. ಇರಲಿಲ್ಲ. ಒಂದು ಚುಕ್ಕೆ ಸುಣ್ಣವೂ ಇರಲಿಲ್ಲ.

ರೋಹಿಣಿ ಮಳೆ ಚೆನ್ನಾಗಿ ಹೊಯ್ದಿದೆ ಎಂದು ಹಿಂದಿನ ವಾರವೇ ಅಪ್ಪನ ಕಾರ್ಡು ಬಂದಿತ್ತು. ಮಳೆಯಾಗಿದೆ ಎಂದರೆ ಸವಳು ಬಿಗಿದಿದೆ. ಬಿಗಿದಿದೆ ಎಂದರೆ ಅವ್ವ ಸುಣ್ಣ ಬರೆದಿದ್ದಾಳೆ. ಸೂರ್ಯ ಮೂಡುವುದು ತಪ್ಪಬಹುದು, ಅದು ತಪ್ಪುವುದಿಲ್ಲ. ಅಕ್ಷರ ಇಲ್ಲ ಎಂದರೆ ಇದು ಆದವಾನಿಯಲ್ಲ. ಹಳಿಯಿದೆ, ಎರೆ ನೆಲವಿದೆ, ಹಾಗಾದರೆ ರಾಯಚೂರು. ಎದುರುಗಾಳಿ ನಮ್ಮನ್ನು ತಡೆದಿದೆ, ಬಳ್ಳಾರಿ ಇನ್ನೂ ಅರ್ಧ ಗಂಟೆಯ ದಾರಿ, ಮುಳ್ಳು ಸುಳ್ಳು ಹೇಳುತ್ತಿದೆ. ಬಲಗಡೆ ಕಪ್ಪು ಮೋಡದೊಳಗೆ ಮಿಂಚುತ್ತಲೂ ಇತ್ತು. ಮಿಂಚು ಹತ್ತಿರವಿದ್ದರೆ ಮುಳ್ಳು ಅತ್ತ ವಾಲುತ್ತದೆ ಎಂದು ಅವನೇ ಪಾಠ ಹೇಳಿದ್ದ. ಆಟೊ ಪೈಲಟ್ಟಿನ ಹಿಡಿಕೆ ಕಿತ್ತು, ಹದಿನೈದು ಡಿಗ್ರಿ ಎಡಕ್ಕೆ ತಿರುಗಿಸಿದೆ.

ಮುಳ್ಳು ನಿಧಾನವಾಗಿ ಬಲ ರೆಕ್ಕೆಯ ಕಡೆಗೆ ಜಾರಿತು. ಮುಳ್ಳು ನೋಡಿ ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಿದಾಗ ನಾನು ದನಿ ಎತ್ತಿದೆ.

“ನಾನು ಹುಟ್ಟಿ ಬೆಳೆದ ಸೀಮೆ ಇದು. ಈಗ ಕೆಳಗೆ ಹೋದದ್ದು ನಮ್ಮೂರಲ್ಲ. ನಿಮ್ಮ ಡಬ್ಬಿಗಿಂತ ನನಗೆ ಚೆನ್ನಾಗಿ ಗೊತ್ತು.”

ಅವನು ನಕಾಶೆ ಮಡಚಿ ತೊಡೆಯ ಮೇಲಿಟ್ಟುಕೊಂಡ. ಆ ಮನುಷ್ಯ ಹಿಂದೆ ಸರಿದದ್ದನ್ನು ನಾನು ಅಂದೇ ಮೊದಲು ನೋಡಿದ್ದು, ಒಳಗೊಳಗೇ ಖುಷಿಯೂ ಆಯಿತು. ಅರ್ಧ ಗಂಟೆ ಎಣಿಸಿ, ಬಳ್ಳಾರಿ ಬಂತೆಂದು ಮೋಡದೊಳಗೇ ಇಳಿಸತೊಡಗಿದೆ. ಮುಳ್ಳು ಆಗ ಬಾಲದ ಕಡೆ ತೋರಿಸುತ್ತಿತ್ತು. ಮೋಡ ಒಮ್ಮೆಲೆ ಹರಿದು, ಎಡಗಡೆ ರೆಕ್ಕೆಯ ಸಮಕ್ಕೆ, ಮಳೆಯಲ್ಲಿ ತೊಯ್ದ ಕರಿಬಂಡೆಗಳು ಕಂಡವು. ಅವನು ಎರಡೂ ಕೈಯಿಂದ ವಿಮಾನವನ್ನು ಕಿತ್ತುಕೊಂಡು ಮೇಲಕ್ಕೆಳೆದ. ಹಿಂದೆ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬಿದ್ದರು. ಅದು ರಾಯದುರ್ಗದ ಗುಡ್ಡ. ಬಳ್ಳಾರಿಯನ್ನು ಬಲಕ್ಕೆ ಬಿಟ್ಟು ಎಷ್ಟೋ ಮುಂದೆ ಬಂದಿದ್ದೆವು. ಆದವಾನಿಯನ್ನು ನಾನು ಸರಿಯಾದ ಹೊತ್ತಿಗೇ ದಾಟಿದ್ದೆ. ಮುಳ್ಳು ಒಂದು ಮಾತೂ ಸುಳ್ಳು ಹೇಳಿರಲಿಲ್ಲ.

ಇಳಿದ ಮೇಲೆ ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವನು, ನಿಮ್ಮ ಊರಿನ ಮಾತೆಂದು ನಿಮ್ಮನ್ನು ನಂಬಿಬಿಟ್ಟೆ, ಅದು ನನ್ನ ತಪ್ಪು ಎಂದಷ್ಟೇ ಹೇಳಿದ. ಎರಡು ತಿಂಗಳು ಪರದೆಯ ಹಿಂದೆ ಕೂರಬೇಕು, ಆಮೇಲೆ ಇನ್ನೊಂದೇ ಪರೀಕ್ಷೆ, ಅದರಲ್ಲಿ ಹೊರಗೆ ನೋಡಿದ್ದು ಕಂಡರೆ ಕಾಗದ ಪತ್ರ ತೆಗೆದುಕೊಂಡು ಹೋಗಬಹುದು ಎಂದು ಬರೆದುಕೊಟ್ಟ.

ಯಾಕೆ ತಿರುಗಿಸಿದಿರಿ ಎಂದು ಅವನು ಕೇಳಿದ್ದಕ್ಕೆ ಅವ್ವನ ಅಕ್ಷರಗಳ ಸಂಗತಿ ಹೇಳಲೇಬೇಕಾಯಿತು. ನಾಲ್ಕು ದಿನದ ರಜೆ ಹಾಕಿ ರೈಲು ಹತ್ತಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗಲೂ ಅವ್ವನಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಹೋದವನು ಕೈಕಾಲು ಕೂಡ ತೊಳೆಯದೆ ಮಾಳಿಗೆ ಹತ್ತಿದೆ. ಸವಳು ಕಲ್ಲಿನ ಹಾಗೆ ಬಿಗಿದಿತ್ತು, ಮೇಲೆ ಒಂದು ಗೆರೆಯೂ ಇಲ್ಲ. ಕೆಳಗೆ ಬಂದು ಬಾಯಿಗೆ ಬಂದಂತೆ ಅಂದೆ. ಇಷ್ಟು ವರ್ಷ ಬರೆದವಳಿಗೆ ಈ ವರ್ಷವೇ ಏನು ಬಂದಿತ್ತು ಧಾಡಿ, ಹತ್ತೊಂಬತ್ತು ಜನರ ಜೊತೆ ನಾನೂ ಗುಡ್ಡಕ್ಕೆ ಬಡಿದು ಸಾಯುತ್ತಿದ್ದೆ, ಆಗ ನಿನಗೆ ಸಮಾಧಾನವಾಗುತ್ತಿತ್ತೇನು ಎಂದು. ಅಪ್ಪ ತೂಗುಮಂಚದಲ್ಲಿ ಕೂತಿದ್ದ. ಅವ್ವ ಕಡಲೆಬೇಳೆ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

“ನೀನಾ ಬರದಿದ್ದಿಯಲ್ಲೋ ತಮ್ಮಾ, ಇನ್ನ ಕೆಳಗ ನೋಡೂದು ಇಲ್ಲಂತ. ನಿಮ್ಮಪ್ಪ ಎರಡು ಸಲ ಓದಿ ಹೇಳಿದ್ರು. ಮುಳ್ಳು ಬಂದೈತಿ, ಕಣ್ಣು ಬ್ಯಾಡಂತ. ನನಗೂ ಮೊಣಕಾಲು ಹಿಡದಾವ. ನೋಡೋರಿಲ್ಲಂದ ಮ್ಯಾಲ ಯಾರಿಗಂತ ಬರೀಲಿ ಅಂತ ಬಿಟ್ಟೆ.”

ಅಪ್ಪನನ್ನು ಗೆಲ್ಲಲು ಬರೆದ ಎರಡು ಪುಟ ಅವ್ವನ ಕಿವಿಗೆ ಹೀಗೆ ಬಿದ್ದಿತ್ತು. ತಪ್ಪಾಯಿತು ಎನ್ನಬೇಕಿತ್ತು, ಅನ್ನಲಿಲ್ಲ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ನಿಂತು, ಶ್ರಾವಣದ ಎರಡನೆಯ ಸೋಮವಾರ ಇನ್ನೊಂದು ಪರೀಕ್ಷೆ ಇದೆ, ಹನ್ನೊಂದು ಗಂಟೆಗೆ ಮೇಲೆ ಹೋಗುತ್ತೇನೆ, ಅಂದು ವಿಮಾನ ಪೂರ್ತಿ ನನ್ನ ಕೈಯಲ್ಲಿರುತ್ತದೆ ಎಂದು ಮಾತ್ರ ಹೇಳಿದೆ. ಹಾಗಾದರೆ ರೆಕ್ಕೆ ಆಡಿಸುತ್ತೀಯಲ್ಲ ಎಂದು ಕೇಳಿದಳು. ಗಾಡಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡೆ.

ಎರಡು ತಿಂಗಳು ಪರದೆಯ ಹಿಂದೆ ಕೂತೆ. ಆದವಾನಿಯ ಮೇಲೆ ಎಷ್ಟು ಸಲ ಹೋದೆನೋ, ಒಂದು ಸಲವೂ ನೋಡಲಿಲ್ಲ. ನೋಡದೆ ಹಾರುವುದು ಬಂತು. ನಾಚಿಕೆಯಿಂದ ಹೇಳುತ್ತೇನೆ, ಚೆನ್ನಾಗಿಯೇ ಬಂತು. ಮುಳ್ಳು ಎಲ್ಲಿ ನಡುಗಿದರೆ ಮಿಂಚು, ಎಲ್ಲಿ ಜಾರಿದರೆ ಗಾಳಿ ಎಂದು ಬೆರಳ ತುದಿಗೆ ತಿಳಿಯತೊಡಗಿತು. ಆ ಕ್ಯಾಪ್ಟನ್ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಿತು. ಅವನು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ.

ಆ ಸೋಮವಾರ ಮೋಡ ಚದುರಿತ್ತು. ಅವನು ಎರಡು ಸಾವಿರ ಅಡಿಯಲ್ಲೇ ಹೋಗಲು ಹೇಳಿದ. ನಾನು ಆಟೊ ಪೈಲಟ್ ಹಾಕಿ, ಪರದೆಯ ಹಿಂದೆ, ಮುಳ್ಳಿನ ಮೇಲೆ ಕಣ್ಣು ನೆಟ್ಟು ಕೂತಿದ್ದೆ. ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಅವನು ಕೈ ಚಾಚಿ ನನ್ನ ಎದುರಿನ ಪರದೆಯ ಕೊಂಡಿ ಬಿಚ್ಚಿ ಸರ್ರೆಂದು ಸರಿಸಿದ. ಒಳಗೆಲ್ಲ ಬಿಸಿಲು ತುಂಬಿತು. ಮೀಟರುಗಳ ಗಾಜು ಹೊಳೆಯಿತು.

“ನಿಮ್ಮ ಊರು ಬಂತು,” ಎಂದ.

ಗೊತ್ತಾಯಿತು. ನಾನು ನೋಡಲಿ ಎಂದು ಒಡ್ಡಿದ ಬಲೆ ಇದು. ನೋಡಿದರೆ ಕಾಗದ ಪತ್ರ, ಅಂಗಡಿಯ ಗಾದಿ, ಅಪ್ಪನ ನಗು. ಕತ್ತಿನ ನರ ಬಿಗಿದುಕೊಂಡೆ. ಹೊರಗೆ ನೋಡಲು ಕಣ್ಣು ಎಷ್ಟು ಎಳೆಯಿತು ಎಂದು ನನಗೇ ಗೊತ್ತು. ರೆಕ್ಕೆ ಆಡಿಸಲು ಬಲಗೈ ಆಟೊ ಪೈಲಟ್ಟಿನ ಹಿಡಿಕೆಯ ಹತ್ತಿರ ಹೋಗಿ ವಾಪಸು ಬಂತು. ಮುಳ್ಳು ಬಳ್ಳಾರಿಯನ್ನೇ ತೋರಿಸುತ್ತಿತ್ತು, ನಾನು ಮುಳ್ಳನ್ನೇ ನೋಡುತ್ತಿದ್ದೆ. ಅವನು ತನ್ನ ಕಡೆಯ ಕಿಟಕಿಗೆ ಹಣೆ ಹಚ್ಚಿ ಕೆಳಗೆ ನೋಡಿದ.

“ಅಕ್ಷರ ಬಹಳ ಬೆಳ್ಳಗಿವೆ, ಇವತ್ತೇ ಬರೆದ ಹಾಗೆ. ಕೊನೆಯ ಅಕ್ಷರದ ಹತ್ತಿರ ಯಾರೋ ನಿಂತಿದ್ದಾರೆ. ಕೈ ಬೀಸುತ್ತಿದ್ದಾರೆ.”

ನಾನು ತಿರುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನು ಪರದೆಯನ್ನು ಮತ್ತೆ ಎಳೆದು ಕೊಂಡಿ ಹಾಕಿದ. ಬಳ್ಳಾರಿಯಲ್ಲಿ ಇಳಿದ ಮೇಲೆ ಪಾಸು ಎಂದು ಬರೆದು ಸಹಿ ಹಾಕಿದ. ಕಾಗದ ಕೊಡುವಾಗ, ಒಂದು ಸಲ ನೋಡಿದ್ದರೆ ನಾನು ಅದನ್ನು ತಪ್ಪೆಂದು ಬರೆದುಕೊಳ್ಳುತ್ತಿರಲಿಲ್ಲ ಎಂದ. ಅದು ನಿಜವೋ, ಗೆದ್ದವನನ್ನು ಇನ್ನೊಮ್ಮೆ ಚುಚ್ಚಲು ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅವನನ್ನು ನಾನು ಕ್ಷಮಿಸಿಲ್ಲ.

ಕ್ಯಾಪ್ಟನ್ ಆದ ಸುದ್ದಿ ಹೇಳಲು ಮುಂದಿನ ವಾರ ಊರಿಗೆ ಹೋದೆ. ತೋಳಿಗೆ ಹೊಸ ಪಟ್ಟಿ ಹೊಲಿಸಿಕೊಂಡೇ ಹೋಗಿದ್ದೆ. ಅಪ್ಪ ಅದನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ. ಅವನ ಮಟ್ಟಿಗೆ ಅದು ದೊಡ್ಡ ಮಾತು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು, ನೋವಿಗೆಂದು ಎರಡೂ ಮೊಣಕಾಲಿಗೆ ಔಡಲದ ಎಲೆ ಕಟ್ಟಿಕೊಂಡು. ಆ ಸೋಮವಾರ ಓಣಿಯವರೆಲ್ಲ ಗಾಡಿ ಕಟ್ಟಿಕೊಂಡು ಉರುಕುಂದದ ಈರಣ್ಣ ದೇವರ ಜಾತ್ರೆಗೆ ಹೋಗಿದ್ದರಂತೆ. ಹುಟ್ಟಿದಾಗಿನಿಂದ ಒಂದು ಶ್ರಾವಣವೂ ತಪ್ಪಿಸದವಳು ಈ ಸಲ ಹೋಗದೆ, ನಸುಕಿನಲ್ಲೇ ಸುಣ್ಣ ಕಲಸಿ ಮಾಳಿಗೆ ಹತ್ತಿದ್ದಳಂತೆ. ಇದನ್ನು ಹೇಳಿದ್ದು ಅಪ್ಪ.

ನಾನು ಅವಳ ಹತ್ತಿರ ಕೂತು, ಅಕ್ಷರ ನೋಡಿದೆ, ಬಹಳ ಬೆಳ್ಳಗಿದ್ದವು, ನೀನು ಕೊನೆಯ ಅಕ್ಷರದ ಹತ್ತಿರ ನಿಂತು ಕೈ ಬೀಸುತ್ತಿದ್ದೆ ಎಂದು, ಆ ಕ್ಯಾಪ್ಟನ್ ಹೇಳಿದ್ದನ್ನೇ ನಾನು ಕಂಡಂತೆ ಹೇಳಿದೆ. ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೊಣಕಾಲಿನ ಎಲೆ ಸರಿಮಾಡಿಕೊಂಡಳು.

“ಹೌದೇನು. ಅದು ಅಲ್ಲಾಡಲಿಲ್ಲ ನೋಡು, ನೆಟ್ಟಗ ಹೋಗಿಬಿಟ್ಟಿತು. ಅದರಾಗ ನೀ ಇಲ್ಲ ಅನಕೊಂಡು ನಾ ಕೆಳಗ ಇಳದು ಬಂದೆ.”